ಪಂಜರದ ಬಾಗಿಲು, ಮಡಕೆಯ ಬಾಯಿ

1

ಪಂಜರದ ಹಕ್ಕಿಯನ್ನು ಬಿಟ್ಟುಬಿಡುವುದು ನ್ಯಾಯವೋ, ಇಟ್ಟು ಸಾಕುವುದು ನ್ಯಾಯವೋ? ಇದು ಪುರಾಣದಿಂದ ಎತ್ತಿ ತಂದ ಪ್ರಶ್ನೆಯಲ್ಲ. ಗುತ್ತಿಗಾರಿನ ಆಸುಪಾಸಿನಲ್ಲಿ ನಾಲ್ಕು ಹೆಜ್ಜೆ ನಡೆದರೆ ಸಾಕು, ಪ್ರಶ್ನೆ ಜಗಲಿಯಲ್ಲೇ ನೇತಾಡಿಕೊಂಡು ಸಿಗುತ್ತದೆ. ಅಡಿಕೆ ತೋಟದ ದೊಡ್ಡ ಮನೆಗಳಲ್ಲಿ ಉಂಟು, ರಬ್ಬರ್ ಹಾಲು ತೆಗೆಯುವವರ ಲೈನ್ ಮನೆಗಳ ಎದುರು ಉಂಟು, ನಮ್ಮ ಕಾಲನಿಯ ಶೀಟು ಮಾಡಿನ ಕೆಳಗೂ ಉಂಟು. ತಂತಿಬಲೆಯ ಗೂಡು, ಒಳಗೆ ಹಸಿರು, ಹಳದಿ, ನೀಲಿ, ಬಿಳಿ ಬಣ್ಣದ ಅಂಗೈಯಷ್ಟಗಲದ ಹಕ್ಕಿಗಳು. ಜನ ಕರೆಯುವುದು ‘ಲವ್ ಬರ್ಡ್ಸ್’ ಅಂತ. ಹೆಸರು ತಪ್ಪು. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಮೊಂಡು ಬಾಲದ್ದು. ನಮ್ಮ ಜಗಲಿಗಳಲ್ಲಿ ಇರುವುದು ಬಜರಿಗಾರ್, ಅಂಗಡಿಯವರ ಬಾಯಲ್ಲಿ ಬಜ್ಜೀಸ್. ಆಸ್ಟ್ರೇಲಿಯಾದ ಒಣನೆಲದ ಸಣ್ಣ ಗಿಳಿ ಅದು.

ಕಾಲೇಜು ಓದುವ ಹುಡುಗನೊಬ್ಬ ಕೇಳಿದ: “ಅಣ್ಣ, ನೀವು ಬಿಡುಗಡೆ ಬಿಡುಗಡೆ ಅಂತ ಪದ್ಯ ಬರೀತೀರಿ. ನಮ್ಮ ಕಾಲನಿಯಲ್ಲೇ ಪಂಜರ ಉಂಟಲ್ಲ, ಅದಕ್ಕೆ ಎಂತ ಹೇಳ್ತೀರಿ?”

ಮನುಷ್ಯರ ಹೊಟ್ಟೆಯ ಪ್ರಶ್ನೆ ಎದುರಿಗಿರುವಾಗ ಹಕ್ಕಿಯ ಮಾತೇಕೆ ಎಂದು ಕೆಲವು ಗೆಳೆಯರು ಸಿಡುಕಬಹುದು. ಸಿಡುಕಲಿ. ಹಕ್ಕಿಯ ಬಗ್ಗೆ ನಾವು ಆಡುವ ಮಾತಿನೊಳಗೆ ಮನುಷ್ಯರ ಬಗ್ಗೆ ಆಡಿದ ಒಂದು ಹಳೇ ಸುಳ್ಳು ಅಡಗಿ ಕೂತಿದೆ. ಅದನ್ನು ಹೊರಗೆಳೆಯದೆ ಆ ಹುಡುಗನಿಗೆ ಉತ್ತರ ಕೊಡಲು ಬರುವುದಿಲ್ಲ.

2

ಮೊದಲು ಹಕ್ಕಿಯ ಜಾತಕ ನೋಡೋಣ.

ಆಸ್ಟ್ರೇಲಿಯಾದ ಒಳನಾಡು ಮಳೆ ಕಡಿಮೆಯ ಬಯಲು. ಅಲ್ಲಿ ಈ ಹಕ್ಕಿ ಹಿಂಡು ಕಟ್ಟಿಕೊಂಡು, ಒಮ್ಮೊಮ್ಮೆ ಸಾವಿರಗಟ್ಟಲೆಯಾಗಿ, ಮಳೆ ಬಿದ್ದ ಕಡೆಗೆ, ಹುಲ್ಲು ಕಾಳು ಕಟ್ಟಿದ ಕಡೆಗೆ ಹಾರುತ್ತಾ ಬದುಕುತ್ತದೆ. ತೂಕ 30-40 ಗ್ರಾಂ. ಅಲ್ಲಿ ಅದರ ಬಣ್ಣ ಒಂದೇ: ಹಸಿರು ಮೈ, ಹಳದಿ ಮುಖ, ಬೆನ್ನ ಮೇಲೆ ಕಪ್ಪು ಗೆರೆ.

1838ರ ಜೂನ್ 10ರಂದು ಅಲ್ಲಿಯ ಮಯಲ್ ಕ್ರೀಕ್ ಎಂಬಲ್ಲಿ ವಸಾಹತಿನ ದನಗಾಹಿಗಳ ಗುಂಪೊಂದು ಕಮಿಲರೋಯಿ ಮೂಲನಿವಾಸಿಗಳ ಕನಿಷ್ಠ 28 ಮಂದಿಯನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋಗಿ ಕಡಿದು ಕೊಂದಿತು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಅದೇ ವರ್ಷ ಜಾನ್ ಗೂಲ್ಡ್ ಎಂಬ ಇಂಗ್ಲಿಷ್ ಪಕ್ಷಿತಜ್ಞ ಆ ಖಂಡದಲ್ಲಿ ಬಂದಿಳಿದ. 1840ರಲ್ಲಿ ಹಿಂದಿರುಗುವಾಗ ಜೀವಂತ ಬಜರಿಗಾರ್‌ಗಳನ್ನು ಇಂಗ್ಲೆಂಡಿಗೆ ಒಯ್ದ. ಗೂಲ್ಡನಿಗೂ ಆ ಕೊಲೆಗೂ ಸಂಬಂಧವಿಲ್ಲ. ಆದರೆ ಹಕ್ಕಿಯ ಹೆಸರು ಬಂದದ್ದು ಆ ಕಮಿಲರೋಯಿ ಜನರ ಭಾಷೆಯಿಂದ. ಮಾತನಾಡುವವರನ್ನು ಕಡಿದರು, ಅವರ ಮಾತು ಹಕ್ಕಿಯ ಕೊರಳಿಗೆ ಬಿದ್ದು ಜಗತ್ತಿನ ಸಂತೆಯಲ್ಲಿ ಮಾರಾಟಕ್ಕೆ ಕೂತಿತು. ನೆಲ ಕಿತ್ತುಕೊಳ್ಳುವುದು, ಹೆಸರು ಕಿತ್ತುಕೊಳ್ಳುವುದು, ಪಂಜರ ಮಾಡುವುದು ಒಂದೇ ಕೈಯ ಕೆಲಸ ಎಂಬುದಕ್ಕೆ ಈ ಪುಟ್ಟ ಹಕ್ಕಿಯೂ ಸಾಕ್ಷಿ.

ನಮ್ಮ ಕಾನೂನು ಇಲ್ಲಿ ಒಂದು ಗೆರೆ ಎಳೆದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಕಾಡಿನ ಗಿಳಿಯನ್ನು ಹಿಡಿದು ಪಂಜರಕ್ಕೆ ಹಾಕುವುದು ಅಪರಾಧ. ಬಜರಿಗಾರ್ ಪರದೇಶದ್ದು, ಹಾಗಾಗಿ ಸಾಕಬಹುದು, ಮಾರಬಹುದು. ಊರಿನ ಹಕ್ಕಿಗೆ ರಕ್ಷಣೆ, ಪರದೇಶಿಗೆ ಬೆಲೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಮಾತ್ರ ಯಾವ ಪ್ರಾಣಿಯನ್ನೂ ಮೈ ಆಡಿಸಲಾಗದಷ್ಟು ಇಕ್ಕಟ್ಟಿನ ಗೂಡಿನಲ್ಲಿ ಇಡಬಾರದು ಎನ್ನುತ್ತದೆ. 2015ರಲ್ಲಿ ದೆಹಲಿ ಹೈಕೋರ್ಟು ಇನ್ನೂ ಮುಂದೆ ಹೋಗಿ, ಹಕ್ಕಿಗಳಿಗೆ ಆಕಾಶದಲ್ಲಿ ಹಾರುವ ಹಕ್ಕಿದೆ, ಅವನ್ನು ಪಂಜರದಲ್ಲಿಟ್ಟು ವ್ಯಾಪಾರ ಮಾಡುವ ಹಕ್ಕು ಮನುಷ್ಯನಿಗಿಲ್ಲ ಎಂಬ ಅರ್ಥದ ಆದೇಶ ಕೊಟ್ಟಿತು. ಆ ಹಾಳೆ ಗುತ್ತಿಗಾರಿನ ಜಗಲಿವರೆಗೆ ಹಾರಿ ಬಂದದ್ದು ಕಾಣೆ.

3

ಹಾಗಾದರೆ ಬಾಗಿಲು ತೆಗೆದುಬಿಡುವ. ಮುಗಿಯಿತಲ್ಲ?

ಮುಗಿಯುವುದಿಲ್ಲ ಮಾರಾಯ್ರೆ. ಗುತ್ತಿಗಾರು ಘಟ್ಟದ ಬುಡದ ಊರು. ಮಳೆಗಾಲ ಹಿಡಿದರೆ ನಾಲ್ಕು ತಿಂಗಳು ಬಿಡುವುದಿಲ್ಲ. ಬಜರಿಗಾರ್ ಒಣಹುಲ್ಲಿನ ಬೀಜ ತಿಂದು ಬದುಕುವ ಹಕ್ಕಿ. ಅಡಿಕೆ ಮರದ ಬುಡದಲ್ಲಿ, ರಬ್ಬರ್ ಮರದ ನೆರಳಿನಲ್ಲಿ ಅದಕ್ಕೆ ಹೊಟ್ಟೆ ತುಂಬುವಷ್ಟು ಕಾಳು ಎಲ್ಲಿದೆ? ಅಪ್ಪ ಅಮ್ಮ ಅಜ್ಜ ಮುತ್ತಜ್ಜ ಎಲ್ಲರೂ ಪಂಜರದಲ್ಲೇ ಹುಟ್ಟಿದ್ದು. ಹಿಂಡಿಲ್ಲ, ದಾರಿ ಹೇಳುವ ಹಿರಿಯ ಹಕ್ಕಿಯಿಲ್ಲ. ಗಿಡುಗ ಯಾವುದು, ಕಾಗೆ ಯಾವುದು ಅಂತ ಕಲಿಸಿದವರಿಲ್ಲ. ಹಳದಿ, ನೀಲಿ ಮೈ ಹಸಿರು ತೋಟದಲ್ಲಿ ದೀಪ ಹಚ್ಚಿದ ಹಾಗೆ ಕಾಣುತ್ತದೆ. ಬಿಟ್ಟ ಹಕ್ಕಿ ಹೆಚ್ಚಿನ ಪಾಲಿಗೆ ಸಾಯಲು ಬಿಟ್ಟ ಹಕ್ಕಿ.

ಕವಿ ಎದೆ ಉಬ್ಬಿಸಿ ಹೇಳುತ್ತಾನೆ, ನೂರು ದಿನದ ಪಂಜರಕ್ಕಿಂತ ಒಂದು ದಿನದ ಆಕಾಶ ಮೇಲು ಅಂತ. ಸಾಯುವವನು ಕವಿಯಲ್ಲ, ಹಕ್ಕಿ. ಇನ್ನೊಬ್ಬರ ಪ್ರಾಣ ಒತ್ತೆಯಿಟ್ಟು ಬರೆದ ಸಾಲಿಗೆ ಧೈರ್ಯ ಎಂಬ ಹೆಸರು ಸಲ್ಲದು. ಪೂರ್ವದ ಕವಿಗಳು ಹಕ್ಕಿಯಲ್ಲಿ ಸೌಂದರ್ಯ ಕಂಡರು, ನಾವು ಬಂಡಾಯದವರು ಹಕ್ಕಿಯಲ್ಲಿ ಬಿಡುಗಡೆ ಕಂಡೆವು. ಅದು ಏನು ತಿನ್ನುತ್ತದೆ ಎಂದು ಇಬ್ಬರೂ ಕೇಳಲಿಲ್ಲ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚು ಎಂದಾಗ ಮೇಲುಜಾತಿಯ ಮಂದಿ ಬೀದಿಗಿಳಿದರು. ನಮ್ಮ ಪದ್ಯಗಳಲ್ಲಿ ಇರುವ ಬೂಸಾವನ್ನೂ ಇನ್ನು ನಾವೇ ಕೇರಬೇಕು.

ಬಾಗಿಲು ತೆರೆದು ಎಲ್ಲಿಗೆ ಕಳಿಸುವುದು ಎಂಬ ಪ್ರಶ್ನೆ ಸುಳ್ಯ ಸೀಮೆಗೆ ಹೊಸದಲ್ಲ. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದಲ್ಲಿ ಎರಡು ಸರಕಾರಗಳು ಕೂತು ಸಿಲೋನಿನ ಚಹಾ ತೋಟದ ತಮಿಳು ಕೂಲಿಗಳನ್ನು ಲೆಕ್ಕ ಹಾಕಿ ಹಂಚಿಕೊಂಡವು. ತಲೆಮಾರುಗಳಿಂದ ಅಲ್ಲೇ ಹುಟ್ಟಿ ಬೆಳೆದವರನ್ನು ‘ತಾಯ್ನಾಡಿಗೆ’ ಕಳಿಸಲಾಯಿತು. ಕೆಲವರು ಹಡಗಿಳಿದು ಕೊನೆಗೆ ಬಂದು ಸೇರಿದ್ದು ನಮ್ಮ ಸುಳ್ಯ, ಪುತ್ತೂರು ಕಡೆಯ ಸರಕಾರಿ ರಬ್ಬರ್ ತೋಟಗಳಿಗೆ. ಮಾತು ಬೇರೆ, ಮಳೆ ಬೇರೆ, ಕಾಡು ಬೇರೆ. ಆದರೂ ಅವರು ಬದುಕಿದರು. ರಬ್ಬರ್ ತೋಟ ಎಬ್ಬಿಸಿದರು, ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸಿದರು, ಸಂಘ ಕಟ್ಟಿ ಕೂಲಿ ಕೇಳಿದರು. ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಹಕ್ಕಿ ಬೇರೆ, ಮನುಷ್ಯ ಬೇರೆ ಎಂಬ ಗೆರೆ ಇಲ್ಲಿಂದಲೇ ಶುರು.

4

“ಬಿಟ್ಟರೆ ಬದುಕಲಿಕ್ಕಿಲ್ಲ. ನಾವು ಅನ್ನ ಹಾಕ್ತೇವೆ, ಅದಕ್ಕೆ ಬದುಕಿದೆ.”

ಹಕ್ಕಿ ಸಾಕುವವರು ಈ ಮಾತು ಹೇಳುವಾಗ ನನ್ನ ಕಿವಿ ನಿಮಿರುತ್ತದೆ. ಈ ಮಾತನ್ನು ನಮ್ಮ ಅಜ್ಜಂದಿರು ಬೇರೆ ಕಡೆ ಕೇಳಿದ್ದರು. ದಕ್ಷಿಣ ಕನ್ನಡದಲ್ಲಿ ‘ಮೂಲದ ಆಳು’ ಎಂಬ ವ್ಯವಸ್ಥೆ ಇತ್ತು. ಧಣಿಯ ನೆಲಕ್ಕೆ ಅಂಟಿಸಿಟ್ಟ ಆಳು, ಅವನ ಹೆಂಡತಿ, ಅವನ ಮಕ್ಕಳು. 1801ರಲ್ಲಿ ಈ ಕರಾವಳಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸದ ಪುಸ್ತಕದಲ್ಲಿ ಇಲ್ಲಿಯ ಗುಲಾಮ ಆಳುಗಳ ಬಗ್ಗೆ ಬರೆದಿಟ್ಟಿದ್ದಾನೆ. 1843ರಲ್ಲಿ ಕಂಪೆನಿ ಸರಕಾರ ಗುಲಾಮಗಿರಿಗೆ ಕಾನೂನಿನ ಬೆಂಬಲ ಇಲ್ಲ ಎಂದಿತು. ಜೀತ ನಿಲ್ಲಲಿಲ್ಲ. 1976ರಲ್ಲಿ ಜೀತ ನಿರ್ಮೂಲನ ಕಾಯ್ದೆ ಬರಬೇಕಾಯಿತು. ಪ್ರತಿಸಲವೂ ಧಣಿಗಳ ಮಾತು ಅದೇ: “ಇವರನ್ನು ಬಿಟ್ಟರೆ ಹಸಿವಿನಿಂದ ಸಾಯ್ತಾರೆ. ಪಾಪ, ನಾವಲ್ಲವೇ ಸಾಕುವುದು?”

ಸಾಕುವುದು! ಗೆಳೆಯರೆ, ಈ ಒಂದು ಕ್ರಿಯಾಪದದಲ್ಲಿ ಇಡೀ ಊಳಿಗಮಾನ್ಯ ಪದ್ಧತಿ ಮೊಟ್ಟೆ ಇಟ್ಟು ಕೂತಿದೆ.

ಪಂಜರದ ಬಜರಿಗಾರ್ ಮಾಲೀಕನಿಗೆ ಒಂದು ಕಾಳೂ ಬೆಳೆದುಕೊಡುವುದಿಲ್ಲ. ಅದನ್ನು ನಿಜವಾಗಿಯೂ ಅವನು ಸಾಕುತ್ತಾನೆ. ಮೂಲದ ಆಳು ಹಾಗಲ್ಲ. ಗುಡ್ಡ ಕಡಿದವನು ಅವನು, ಗದ್ದೆ ಉತ್ತವನು ಅವನು, ನೇಜಿ ನೆಟ್ಟವಳು ಅವಳು, ಅಡಿಕೆ ತೋಟಕ್ಕೆ ಸೊಪ್ಪು ಹೊತ್ತವಳು ಅವಳು. ಧಣಿಯ ಕಣಜ ತುಂಬಿದ್ದು ಆಳಿನ ಬೆವರಿನಿಂದ. ಅನ್ನ ಹಾಕಿದವನು ಆಳು, ಉಂಡವನು ಧಣಿ. ಸಾಕಿದವರು ಯಾರು, ಸಾಕಿಸಿಕೊಂಡವರು ಯಾರು? ಉಂಡವನೇ ಅನ್ನದಾತನಾಗಿ ಕೂತದ್ದು ಈ ನಾಡಿನ ದೊಡ್ಡ ಕಟ್ಟುಕತೆ.

ಅದಕ್ಕೇ ನಾನು ಹೇಳುವುದು: ದಲಿತನನ್ನು ಪಂಜರದ ಹಕ್ಕಿಗೆ ಹೋಲಿಸುವ ಪದ್ಯ ಇನ್ನು ಸಾಕು. ಆ ಉಪಮೆಯ ಒಳಗೆ ಧಣಿಯ ಸುಳ್ಳು ಇದೆ. ಹಕ್ಕಿ ಎಂದ ಕೂಡಲೇ ಕಾಳು ಹಾಕುವ ಕೈ ಬಂತು, ಬಾಗಿಲು ತೆರೆಯುವ ಕರುಣಾಳು ಬಂದ, ಬಿಟ್ಟರೆ ಸಾಯುತ್ತದೆ ಎಂಬ ಕಾಳಜಿ ಬಂತು. ನಾವು ಕಾಳು ಬೆಳೆದವರು. ಪಂಜರದ ಸರಳನ್ನು ಕಾಯಿಸಿ ಬಡಿದ ಕಮ್ಮಾರನೂ ನಮ್ಮಂಥವನೇ. ಹೊರಗೆ ಬಂದ ಆಳು ಹಸಿದದ್ದು ನಿಜ. ಅವನಿಗೆ ಬದುಕುವ ವಿದ್ಯೆ ಗೊತ್ತಿಲ್ಲದೆ ಹಸಿದದ್ದಲ್ಲ, ಹೊರಗಿನ ನೆಲವೂ ಧಣಿಯದ್ದೇ ಆಗಿತ್ತು. 1974ರ ಭೂಸುಧಾರಣೆಯಲ್ಲಿ ಗೇಣಿದಾರನಿಗೆ ಭೂಮಿ ಬಂತು. ಅದು ದೊಡ್ಡ ಕೆಲಸ, ಅಲ್ಲವೆನ್ನುವುದಿಲ್ಲ. ಆದರೆ ಗೇಣಿಚೀಟಿಯೂ ಇಲ್ಲದ ಆಳಿಗೆ ಹೆಚ್ಚೆಂದರೆ ಮನೆ ಅಡಿಯ ಕೆಲವು ಸೆಂಟ್ಸು ಬಂತು. ಬಾಗಿಲು ತೆರೆಯಿತು, ನೆಲ ಬರಲಿಲ್ಲ. ಆಮೇಲೆ ಅದೇ ಬಾಯಿ ಹೇಳಿತು: “ನೋಡಿದಿರಾ, ಹೊರಗೆ ಬದುಕಲಿಕ್ಕೆ ಇವರಿಂದ ಆಗುದಿಲ್ಲ.”

‘ಬಿಟ್ಟರೆ ಬದುಕಲಾರದು’ ಎಂಬ ವಾಕ್ಯ ಹಕ್ಕಿಯ ವಿಷಯದಲ್ಲಿ ನಿಜ, ಮನುಷ್ಯನ ವಿಷಯದಲ್ಲಿ ಸುಳ್ಳು. ಎರಡನ್ನೂ ಒಂದೇ ದನಿಯಲ್ಲಿ ಹೇಳುವವನು ಪಂಜರದ ಯಜಮಾನ.

5

ಇನ್ನು ನಿಜವಾದ ಭಾಗವನ್ನೇ ಹಿಡಿಯೋಣ. ಹಕ್ಕಿ ಹೊರಗೆ ಬದುಕಲಾರದು. ಸರಿ. ಹಾಗೆ ಮಾಡಿದವರು ಯಾರು? ನಾವೇ, ಮನುಷ್ಯರು. ಮನೆ ಸುಟ್ಟವನು ಬೀದಿಯಲ್ಲಿ ಬಿದ್ದವನಿಗೆ ಕೊಟ್ಟಿಗೆಯಲ್ಲಿ ಜಾಗ ಕೊಟ್ಟರೆ ಅದು ದಾನವಲ್ಲ, ಸಾಲ ತೀರಿಸುವುದು. ಪಂಜರದಲ್ಲಿ ಈಗಾಗಲೇ ಇರುವ ಹಕ್ಕಿಗೆ ನಾವು ಹಾಕುವ ಕಾಳು, ಇಡುವ ನೀರು ಎಲ್ಲ ಸಾಲದ ಕಂತು. ಸಾಲ ತೀರಿಸುವವನು ಹೊಸ ಸಾಲ ಮಾಡಬಾರದು. ಹೊಸ ಸಾಲ ಆಗುವುದು ಎಲ್ಲಿ? ಬಾಗಿಲಲ್ಲಿ ಅಲ್ಲ, ಮಡಕೆಯಲ್ಲಿ.

ಸಾಕಿದವರಿಗೆ ಗೊತ್ತು. ಬಜರಿಗಾರ್ ಮರದ ಪೊಟರೆಯಲ್ಲಿ ಮೊಟ್ಟೆ ಇಡುವ ಹಕ್ಕಿ. ಪಂಜರದಲ್ಲಿ ಕತ್ತಲಿನ ಪೊಟರೆ ಇಲ್ಲದಿದ್ದರೆ ಸಾಮಾನ್ಯವಾಗಿ ಮರಿ ಮಾಡುವ ಗೋಜಿಗೆ ಹೋಗುವುದಿಲ್ಲ. ಅದಕ್ಕೆ ಮಾಲೀಕ ಸಣ್ಣ ಬಾಯಿಯ ಮಣ್ಣಿನ ಮಡಕೆ ಕಟ್ಟುತ್ತಾನೆ. ಮೂಗಿನ ಮೇಲೆ ನೀಲಿ ಇದ್ದರೆ ಗಂಡು, ಕಂದು ಇದ್ದರೆ ಹೆಣ್ಣು, ಹೀಗೆ ನೋಡಿ ಜೋಡಿ ಹಾಕುತ್ತಾನೆ. ಹೆಣ್ಣು ಮಡಕೆ ಹೊಕ್ಕು ದಿನ ಬಿಟ್ಟು ದಿನ ಒಂದರಂತೆ ನಾಲ್ಕರಿಂದ ಆರು ಮೊಟ್ಟೆ ಇಡುತ್ತದೆ. ಸುಮಾರು 18 ದಿನ ಕಾವು. ಗಂಡು ತಾನು ತಿಂದದ್ದನ್ನು ಕಕ್ಕಿ ಅವಳಿಗೆ ಉಣಿಸುತ್ತದೆ. ದಿನ ಬಿಟ್ಟು ದಿನ ಇಟ್ಟದ್ದರಿಂದ ಮರಿಗಳೂ ಒಂದರ ಹಿಂದೆ ಒಂದು ಹೊರಬರುತ್ತವೆ. ಕೊನೆಯದು ಬರುವಾಗ ಮೊದಲಿನದ್ದು ದೊಡ್ಡದಾಗಿರುತ್ತದೆ. ಪುಟ್ಟದ್ದು ಎಷ್ಟೋ ಸಲ ಅಣ್ಣಂದಿರ ಕಾಲಡಿ ಅಪ್ಪಚ್ಚಿ. ಐದು ವಾರಕ್ಕೆ ಮರಿಗಳು ಮಡಕೆ ಬಿಡುತ್ತವೆ.

ಮಡಕೆಯನ್ನು ತೆಗೆಯದೆ ವರ್ಷವಿಡೀ ನೇತುಹಾಕಿದರೆ ಏನಾಗುತ್ತದೆ? ಒಂದು ಸುತ್ತು ಮುಗಿಯುವುದರೊಳಗೆ ಇನ್ನೊಂದು ಸುತ್ತು ಮೊಟ್ಟೆ. ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣವನ್ನು ಹೆಣ್ಣು ತನ್ನ ಎಲುಬಿನಿಂದಲೇ ಎಳೆಯುತ್ತದೆ. ಸುಣ್ಣ ಬರಿದಾದ ಮೇಲೆ ಮೊಟ್ಟೆ ಒಳಗೇ ಸಿಕ್ಕಿಕೊಂಡು, ಹೆಣ್ಣು ಮೈ ಉಬ್ಬಿಸಿಕೊಂಡು ಪಂಜರದ ಮೂಲೆಯಲ್ಲಿ ಕೂತು ಸಾಯುತ್ತದೆ. ವರ್ಷ ತುಂಬದ ಹೆಣ್ಣಿಗೆ ಜೋಡಿ ಹಾಕಿದರೂ ಇದೇ ಗತಿ. ಎಳೆ ಪ್ರಾಯದಲ್ಲಿ ಮದುವೆಯಾಗಿ ಹೆರಿಗೆಯಲ್ಲಿ ಸತ್ತ ಹೆಂಗಸರ ನೆನಪು ಇರುವ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಬರುವುದು ತಳಿಯ ಹುಚ್ಚು. ಕಾಡಿನಲ್ಲಿ ಹಸಿರೊಂದೇ ಇದ್ದ ಹಕ್ಕಿಗೆ ನೀಲಿ, ಹಳದಿ ಬಂದದ್ದು ಹತ್ತೊಂಬತ್ತನೇ ಶತಮಾನದ ಯುರೋಪಿನ ಪಂಜರಗಳಿಂದ. 1925ರಲ್ಲಿ ಇಂಗ್ಲೆಂಡಿನಲ್ಲಿ ಈ ಹಕ್ಕಿಗೆಂದೇ ಸಂಘ ಕಟ್ಟಿದರು. ತಲೆ ಹೀಗಿರಬೇಕು, ಚುಕ್ಕೆ ಹಾಗಿರಬೇಕು ಅಂತ ಹಕ್ಕಿಗೂ ಒಂದು ಶಾಸ್ತ್ರ ಹುಟ್ಟಿತು. ಬೇಕಾದ ಬಣ್ಣ ನಿಲ್ಲಿಸಲು ಅಣ್ಣ ತಂಗಿಯನ್ನೇ ಜೋಡಿ ಹಾಕುವವರಿದ್ದಾರೆ. ಬಾಯಲ್ಲಿ ಒಂದೇ ಮಾತು: “ಪ್ಯೂರ್ ಲೈನ್.” ಶುದ್ಧ ತಳಿ! ಈ ಶಬ್ದ ಕೇಳಿದರೆ ನಮಗೆ ಯಾವ ಪಂಚಾಂಗ ನೆನಪಾಗುತ್ತದೆ ಎಂದು ಬೇರೆ ಹೇಳಬೇಕೆ?

1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ಅಂಬೇಡ್ಕರ್ ಜಾತಿಯ ಬೇರನ್ನು ಹಿಡಿದು ತೋರಿಸಿದರು: ತಮ್ಮೊಳಗೇ ಮದುವೆ ಎಂಬ ಬೇಲಿಯೇ ಜಾತಿ. 1936ರ ‘ಜಾತಿ ವಿನಾಶ’ದಲ್ಲಿ, ಜಾತಿ ಇರುವುದು ರಕ್ತದ ಶುದ್ಧಿಗಾಗಿ ಎಂಬ ವಾದವನ್ನು ಅವರು ಒಡೆದು ಹಾಕಿದರು. ಪಂಜಾಬಿನ ಬ್ರಾಹ್ಮಣನಿಗೂ ಪಂಜಾಬಿನ ಚಮ್ಮಾರನಿಗೂ ಜನಾಂಗದ ಭೇದವಿಲ್ಲ ಎಂದು ತೋರಿಸಿದರು. ಹಕ್ಕಿಯ ವಿಜ್ಞಾನವೂ ಈಗ ಅದೇ ಕಡೆಗೆ ಕೈ ತೋರುತ್ತದೆ. ಹಸಿರು ಹಕ್ಕಿಗೂ ನೀಲಿ ಹಕ್ಕಿಗೂ ಇರುವ ಅಂತರ ಒಂದೇ ಒಂದು ವಂಶವಾಹಿಯಲ್ಲಿ ಆದ ಸಣ್ಣ ಬದಲಾವಣೆ ಎಂದು 2017ರಲ್ಲಿ ವಿಜ್ಞಾನಿಗಳು ತೋರಿಸಿದರು. ಹಳದಿ ಬಣ್ಣ ತಯಾರಾಗುವುದು ನಿಂತರೆ ಹಸಿರು ಹೋಗಿ ನೀಲಿ ಉಳಿಯುತ್ತದೆ, ಅಷ್ಟೆ. ಎರಡು ಹಸಿರು ಹಕ್ಕಿಗಳಿಗೂ ನೀಲಿ ಮರಿ ಹುಟ್ಟಬಹುದು, ಯಾಕೆಂದರೆ ಹಸಿರಿನ ಒಳಗೆ ನೀಲಿ ಬಚ್ಚಿಟ್ಟುಕೊಂಡು ಇರುತ್ತದೆ. ಸಂತೆಯಲ್ಲಿ ನೀಲಿಗೆ ಒಂದು ಬೆಲೆ, ಹಸಿರಿಗೆ ಒಂದು ಬೆಲೆ. ಬೆಲೆ ಹಕ್ಕಿಯಲ್ಲಿಲ್ಲ, ನೋಡುವವನ ಕಣ್ಣಿನ ಕಾಯಿಲೆಯಲ್ಲಿದೆ.

6

ಈಗ ಕಾಲನಿಯ ಪಂಜರಕ್ಕೆ ಬರೋಣ. ಇದು ಕಷ್ಟದ ಜಾಗ.

ದೊಡ್ಡ ಮನೆಯ ಜಗಲಿಯಲ್ಲಿ ಪಂಜರ ಇದ್ದರೆ ‘ಹವ್ಯಾಸ’. ನಮ್ಮ ಹುಡುಗ ಎರಡು ಜೋಡಿ ತಂದು, ಮರಿ ಮಾಡಿ, ಕೆಲವು ನೂರು ರೂಪಾಯಿಗೆ ಮಾರಿ ಕಾಲೇಜಿನ ಬಸ್ಸಿಗೆ ದುಡ್ಡು ಮಾಡಿಕೊಂಡರೆ ‘ಹಿಂಸೆ’. ಪ್ರಾಣಿದಯೆಯ ಉಪದೇಶ ಯಾವಾಗಲೂ ಮೇಲಿನಿಂದ ಕೆಳಕ್ಕೇ ಹರಿಯುತ್ತದೆ. ನಮ್ಮ ತಟ್ಟೆಯ ಮೀನು-ಮಾಂಸಕ್ಕೆ ಮೂಗು ಮುಚ್ಚಿಕೊಂಡವರು ನಮ್ಮ ಹಿರಿಯರಿಗೆ ಅಂಗಳದ ಹೊರಗೆ ಗೆರಟೆಯಲ್ಲಿ ಚಾ ಹೊಯ್ದು ಕೊಟ್ಟವರು. ಈಗ ಅದೇ ಗೆರಟೆ ಪಂಜರದೊಳಗೆ ನವಣೆ ಹಾಕುವ ಬಟ್ಟಲಾಗಿದೆ. ಅಂಥವರ ದಯೆಯ ಪಾಠ ನಮಗೆ ಬೇಡ.

ಅವರು ಹೇಳಿದ್ದು ಬೇಡ ಎಂದ ಮಾತ್ರಕ್ಕೆ ಪ್ರಶ್ನೆ ಸಾಯುವುದಿಲ್ಲ. ನಮ್ಮ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕು. ಅಂಬೇಡ್ಕರ್ ಈ ವ್ಯವಸ್ಥೆಯನ್ನು ಶ್ರೇಣೀಕೃತ ಅಸಮಾನತೆ ಎಂದರು. ಇಲ್ಲಿ ಪ್ರತಿಯೊಬ್ಬನಿಗೂ ತುಳಿಯುವವನೊಬ್ಬ ಮೇಲೆ, ತುಳಿಯಲು ಒಬ್ಬ ಕೆಳಗೆ. ಅದಕ್ಕೇ ಏಣಿ ಮುರಿಯುವುದಿಲ್ಲ. ಏಣಿಯ ಕೊನೆಯ ಮೆಟ್ಟಿಲಲ್ಲಿ ನಿಂತವನಿಗೂ ಸಂತೆಯಲ್ಲಿ ಅಗ್ಗದ ಧಣಿತನವೊಂದು ಸಿಗುತ್ತದೆ: ನಾನು ಬಾಗಿಲು ಹಾಕಿದರೆ ಹಾಕಿತು, ತೆಗೆದರೆ ತೆಗೆಯಿತು ಎಂಬ ಜೀವ ಒಂದು. ಆ ಧಣಿತನದ ರುಚಿ ನಮಗೆ ಹತ್ತಬಾರದು. ಪಂಜರ ಕಟ್ಟಿದವನು ಯಾರ ಮಗ ಎಂಬುದರಿಂದ ತಂತಿ ಮೃದುವಾಗುವುದಿಲ್ಲ.

ಹಾಗಂತ ಹುಡುಗನ ಪಂಜರಕ್ಕೆ ಕಲ್ಲು ಹೊಡೆಯಬೇಕೇ? ಬೇಡ. ಅವನ ಬಸ್ಸಿನ ದುಡ್ಡಿಗೆ ಹಕ್ಕಿ ಹೊಣೆಯಲ್ಲ. ಓದುವ ಮಕ್ಕಳಿಗೆ ವಿದ್ಯಾರ್ಥಿವೇತನ ಹೊತ್ತಿಗೆ ಸರಿಯಾಗಿ ಕೊಡಬೇಕಾದ ಸರಕಾರ ಹೊಣೆ. ಆ ಜಗಳ ಬೀದಿಯಲ್ಲಿ ಆಡೋಣ. ಪಂಜರದ ಎದುರು ಕೂತು ಅವನಿಗೆ ಇಷ್ಟು ಹೇಳೋಣ:

ತಮ್ಮಾ, ಇರುವ ಹಕ್ಕಿಯನ್ನು ಬಿಡಬೇಡ, ಸಾಯ್ತದೆ. ಒಂಟಿಯಾಗಿಯೂ ಇಡಬೇಡ, ಅದು ಹಿಂಡಿನ ಜೀವ. ಗೂಡು ಎತ್ತರಕ್ಕಿಂತ ಅಗಲ ಇರಲಿ, ಇದು ಅಡ್ಡಕ್ಕೆ ಹಾರುವ ಹಕ್ಕಿ. ನುಣುಪಾದ ಕಡ್ಡಿಯ ಬದಲು ಪೇರಳೆ ಮರದ ದಪ್ಪ-ಸಪುರ ಗೆಲ್ಲು ಕಟ್ಟು, ಕಾಲಿಗೆ ಒಳ್ಳೆಯದು. ನವಣೆಯನ್ನು ಮಳೆಗಾಲದಲ್ಲಿ ಒಣಗಿಸಿ ಇಡು, ಬೂಸಲು ಹಿಡಿದ ಕಾಳು ವಿಷ. ಬಯಲುಸೀಮೆಯ ಬಡವರ ಊಟವಾಗಿದ್ದ ಧಾನ್ಯ ಅದು, ಚೆಲ್ಲಬೇಡ. ನೀರು ದಿನಾ ಬದಲಿಸು. ಹರಿವೆ ಸೊಪ್ಪು, ನುಗ್ಗೆ ಸೊಪ್ಪು ಕೊಡು. ಕಡಲತೀರದಲ್ಲಿ ಸಿಗುವ ಬಿಳಿಯ ಸಮುದ್ರನೊರೆಯ ತುಂಡೊಂದನ್ನು ಸುಣ್ಣಕ್ಕಾಗಿ ಕಟ್ಟು. ಬೆಣ್ಣೆಹಣ್ಣು ಕೊಡಬೇಡ, ಕೊಕ್ಕೊ ಹತ್ತಿರಕ್ಕೂ ತರಬೇಡ, ಎರಡೂ ಹಕ್ಕಿಗೆ ವಿಷ. ರಾತ್ರಿ ಬೆಕ್ಕು, ಹಾವು ಬಾರದ ಕಡೆ ಇಡು. ಮತ್ತೆ, ಮಡಕೆ ಇಳಿಸು. ಇರುವ ಹಕ್ಕಿಗಳು ತಮ್ಮ ಆಯುಷ್ಯ ಮುಗಿಸಲಿ, ಐದೋ ಎಂಟೋ ವರ್ಷ. ಹೊಸ ಕೈದಿಯನ್ನು ಹುಟ್ಟಿಸಬೇಡ.

ದೊಡ್ಡ ಮನೆಯ ಜಗಲಿಗೂ ಹೋಗಿ ಇದೇ ಮಾತು ಹೇಳಬೇಕು. ಅಲ್ಲಿ ತಲೆ ತಗ್ಗಿಸದೆ ಹೇಳಬೇಕು.

7

ಹಳೇ ನೀತಿಶಾಸ್ತ್ರ ಎರಡನ್ನೂ ಅದಲುಬದಲು ಮಾಡಿಟ್ಟಿದೆ. ಹಕ್ಕು ಕೇಳುವ ಮನುಷ್ಯನಿಗೆ ಕರುಣೆ ಕೊಟ್ಟಿತು. ಆರೈಕೆ ಬೇಕಾದ ಹಕ್ಕಿಗೆ ಪದ್ಯ ಕೊಟ್ಟಿತು. ನಮ್ಮ ಜನರಿಗೆ ಯಾರೂ ಕಾಳು ಹಾಕಬೇಕಿಲ್ಲ. ಕೂಲಿ ಸರಿಯಾಗಿ ಬರಲಿ, ನೆಲದ ಪಾಲು ಬರಲಿ, ಮದುವೆಗೆ ಕಟ್ಟಿದ ಬೇಲಿ ಬೀಳಲಿ. ಅದಕ್ಕೆ ಯಾರ ದಯೆಯೂ ಬೇಡ, ಹೋರಾಟ ಬೇಕು. ಪಂಜರದ ಹಕ್ಕಿಗೆ ಹೋರಾಡಲು ಸಂಘವಿಲ್ಲ, ಬಾವುಟವಿಲ್ಲ. ಅದಕ್ಕೆ ಬೇಕಾದದ್ದು ಒಣಗಿದ ನವಣೆ, ಶುದ್ಧ ನೀರು, ರೆಕ್ಕೆ ಬಿಚ್ಚುವಷ್ಟು ಅಗಲ, ಮತ್ತು ತನ್ನ ಹಾಗೆ ಇನ್ನೊಂದು ಹಕ್ಕಿ ಪಂಜರದಲ್ಲಿ ಕಣ್ಣು ಬಿಡುವುದಿಲ್ಲ ಎಂಬ ಖಾತ್ರಿ.

ಪಂಜರದ ಬಾಗಿಲು ತೆರೆಯುವುದು ಒಂದು ಕ್ಷಣದ ಕೆಲಸ, ಫೋಟೋಕ್ಕೆ ಚೆನ್ನಾಗಿರುತ್ತದೆ. ಮಡಕೆ ಇಳಿಸಿಟ್ಟು ಆರೆಂಟು ವರ್ಷ ದಿನಾ ನೀರು ಬದಲಿಸುವುದು ಯಾರೂ ನೋಡದ ಕೆಲಸ. ನನ್ನನ್ನು ಕೇಳಿದರೆ, ನ್ಯಾಯ ಇರುವುದು ಆ ಎರಡನೆಯದರಲ್ಲಿ.